ಎಂಜಿನಿಯರರನ್ನು ಕೇಳಿ: ಗೋಕರ್ಣದಲ್ಲಿ ವರ್ಷವಿಡೀ ಇರಬಹುದಾ?

ಪ್ರಶ್ನೆ (ಬೆಂಗಳೂರಿನ ಸದಸ್ಯೆ):

ಸರ್, ನಮಸ್ಕಾರ. ನಮ್ಮ ಯಜಮಾನರು ಮುಂದಿನ ಮಾರ್ಚಿಗೆ ನಿವೃತ್ತರಾಗುತ್ತಾರೆ. ಹನ್ನೊಂದು ವರ್ಷದಿಂದ ಪ್ರತಿ ಡಿಸೆಂಬರಿಗೂ ನಾವು ಗೋಕರ್ಣಕ್ಕೆ ಹೋಗುತ್ತಿದ್ದೇವೆ. ಬೆಳಿಗ್ಗೆ ಮಹಾಬಲೇಶ್ವರನ ದರ್ಶನ, ಸಂಜೆ ಕುಡ್ಲೆ ತೀರದಲ್ಲಿ ನಡಿಗೆ. ವಾಪಸ್ ಹೊರಡುವ ದಿನ ಕಾಲೇ ಏಳುವುದಿಲ್ಲ. ಇಲ್ಲಿನ ಫ್ಲಾಟ್ ಮಾರಿ ಅಲ್ಲೇ ಹೋಗಿ ಇದ್ದುಬಿಡೋಣ ಅಂತಿದ್ದೇವೆ. ಓಂ ಬೀಚ್ ಕಡೆ ಹೋಗುವ ದಾರಿಯಲ್ಲಿ ಗುಡ್ಡದ ಮೇಲೆ ಸಮುದ್ರ ಕಾಣುವ ಮನೆಯೊಂದು ನೋಡಿದ್ದೇವೆ. ಎಂಟು ವರ್ಷ ಹಳೆಯದು, ತಾರಸಿ ಮನೆ. ಯಜಮಾನರಿಗೆ ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ನೀವು ಆ ಕಡೆ ಮನೆ ಕಟ್ಟಿಸುವವರು. ಧೈರ್ಯ ಮಾಡಬಹುದಾ?

ಉತ್ತರ:

ನಮಸ್ಕಾರ ಮೇಡಂ. ನಾನು ಕುಮಟಾ ಕಡೆಯವನು, ಇಪ್ಪತ್ತೆರಡು ವರ್ಷದಿಂದ ಈ ಕರಾವಳಿಯಲ್ಲೇ ಕೆಲಸ. ಇರಬಹುದು, ಖಂಡಿತ ಇರಬಹುದು. ನಾವೆಲ್ಲ ಇದ್ದೇವಲ್ಲ. ಆದರೆ ಫ್ಲಾಟ್ ಈಗಲೇ ಮಾರಬೇಡಿ, ಬಾಡಿಗೆಗೆ ಕೊಡಿ. ಮೇ ನಡುವಿಗೆ ಬಂದು ಸೆಪ್ಟೆಂಬರ್ ಮುಗಿಯುವವರೆಗೆ ಇಲ್ಲಿ ಒಂದು ಬಾಡಿಗೆ ಮನೆಯಲ್ಲಿ ಇದ್ದು ನೋಡಿ. ಆಮೇಲೂ ಇರಬೇಕು ಅನ್ನಿಸಿದರೆ ಕೊಳ್ಳಿ. ಹನ್ನೊಂದು ಡಿಸೆಂಬರ್ ನೋಡಿದ್ದೀರಿ, ಒಂದು ಜುಲೈ ನೋಡಿಲ್ಲ ಅಲ್ವಾ?

ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದುಹೋಗುತ್ತದೆ. ನೀವು ನಡೆದಾಡಿದ ತೀರದಲ್ಲಿ ಆಗ ನೀರಿಗಿಳಿಯುವ ಹಾಗಿಲ್ಲ. ಬೀಚಿನ ಹೋಟೆಲುಗಳು ಹೆಚ್ಚಿನವು ಬಾಗಿಲು ಹಾಕುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಪಕ್ಕದ ತದಡಿಯ ಮೀನುಗಾರಿಕೆ ಬಂದರು ಕೂಡ ಸದ್ದಿಲ್ಲದೆ ಇರುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಉಪ್ಪು ನೀರಾಗುತ್ತದೆ, ಬೆಂಕಿಪೆಟ್ಟಿಗೆ ಹೊತ್ತುವುದಿಲ್ಲ. ಗಾಳಿಗೆ ತಂತಿಯ ಮೇಲೆ ತೆಂಗಿನ ಮಡಲು ಬಿದ್ದರೆ ಕರೆಂಟು ಹೋಗಿ ರಾತ್ರಿಯಿಡೀ ಬರದಿರುವುದೂ ಉಂಟು. ಇದನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ನನಗೆ ಈ ಊರು ಅತಿ ಚೆಂದ ಕಾಣುವುದೇ ಆ ತಿಂಗಳುಗಳಲ್ಲಿ. ಗದ್ದೆ ಹಸಿರು, ಗುಡ್ಡದಲ್ಲೆಲ್ಲ ನೀರು, ದೇವಸ್ಥಾನದಲ್ಲಿ ಸರತಿ ಇಲ್ಲ. ಆದರೆ ಅದು ನಿಮಗೂ ಚೆಂದ ಅನ್ನಿಸಬೇಕು.

ಈಗ ಆ ಮನೆಯ ವಿಷಯ. ಸಮುದ್ರ ಕಾಣುತ್ತದೆ ಅಂದರೆ ಸಮುದ್ರದ ಗಾಳಿ ನೇರವಾಗಿ ಬಡಿಯುತ್ತದೆ ಎಂದೇ ಅರ್ಥ. ಆ ಗಾಳಿಯಲ್ಲಿ ಉಪ್ಪಿದೆ. ಅದು ತೇವದ ಜೊತೆ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣ ಮುಟ್ಟುತ್ತದೆ. ಕಬ್ಬಿಣ ತುಕ್ಕು ಹಿಡಿದರೆ ಊದುತ್ತದೆ, ಊದಿದ್ದು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಹೋದ ವರ್ಷ ಮಳೆ ಮುಗಿದ ಮೇಲೆ ಇಂಥದೇ ಒಂದು ಗುಡ್ಡದ ಮನೆಗೆ ನನ್ನನ್ನು ಕರೆದಿದ್ದರು. ವರ್ಷಕ್ಕೆರಡು ಸಲ ಬಂದು ಹೋಗುವವರ ಮನೆ. ಪಶ್ಚಿಮದ ಕಿಟಕಿಯ ಸಜ್ಜಾ ಅಂಚನ್ನು ಎರಡು ಬೆರಳಲ್ಲಿ ಹಿಡಿದೆ. ಅಂಗೈಯಗಲದ ತುಂಡು ಕಿತ್ತು ಕೈಗೇ ಬಂತು. ಒಳಗಿದ್ದ 8 ಮಿ.ಮೀ. ಸರಳು ಸೈಕಲ್ಲಿನ ಕಡ್ಡಿಯಷ್ಟು ಸಣ್ಣಗಾಗಿತ್ತು. ಒಳಗೆ ಬೀರು ತೆರೆದರೆ ಆ ಮನೆಯೊಡತಿಯ ಮದುವೆ ಸೀರೆಯ ಮೇಲೆ ಬಿಳಿ ಬೂಷ್ಟು, ಜರಿ ಕಪ್ಪಾಗಿತ್ತು. ಅವರು ಸೀರೆ ಹಿಡಿದು ಸುಮ್ನೆ ನಿಂತಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆದ್ದರಿಂದ ನೀವು ನೋಡಿದ ಮನೆಗೆ ಇನ್ನೊಮ್ಮೆ ಹೋಗಿ, ಪಶ್ಚಿಮ ಮತ್ತು ನೈಋತ್ಯದ ಗೋಡೆ ನೋಡಿ. ಸಜ್ಜಾ ಅಡಿಯಲ್ಲಿ, ತೊಲೆಯ ಕೆಳಗೆ, ಸರಳಿನ ಉದ್ದಕ್ಕೂ ಕಂದು ಗೆರೆ ಇದೆಯಾ? ಹೊಸ ಬಣ್ಣ ಬಳಿದಿದ್ದರೆ ಇನ್ನೂ ಜಾಗ್ರತೆ. ಸಣ್ಣ ಸುತ್ತಿಗೆಯಲ್ಲಿ ತಟ್ಟಿ, ಟೊಳ್ಳು ಸದ್ದು ಬಂದರೆ ಒಳಗೆ ಕಾಂಕ್ರೀಟು ಸರಳಿನಿಂದ ಬಿಟ್ಟುಕೊಂಡಿದೆ ಅಂತ ಅರ್ಥ. ಕಟ್ಟುವಾಗಿನ ನಕ್ಷೆ ಕೇಳಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕರಾವಳಿಯ ಗಾಳಿಗೆ ಒಡ್ಡಿದ ಕಾಂಕ್ರೀಟಿನ ಗಟ್ಟಿತನ ಕನಿಷ್ಠ ಎಂ30 ದರ್ಜೆಯದಿರಬೇಕು, ಸರಳಿನ ಮೇಲೆ 45 ಮಿ.ಮೀ. ಕವರ್, ಅಂದರೆ ಸರಳನ್ನು ಮುಚ್ಚುವ ಕಾಂಕ್ರೀಟಿನ ಪದರ, ಬಿಡಬೇಕು. ಒಳನಾಡಿನ ಲೆಕ್ಕ ಹಿಡಿದು ಸ್ಲ್ಯಾಬಿಗೆ 20 ಮಿ.ಮೀ. ಬಿಟ್ಟು ಕಟ್ಟಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅಂಥದ್ದಾದರೆ ಎಂಟು ವರ್ಷ ಅಂದರೆ ರಿಪೇರಿ ಶುರುವಾಗುವ ಹೊತ್ತು.

ಕಾಗದಪತ್ರವನ್ನು ಇಲ್ಲಿಯ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ನಮ್ಮ ಜಿಲ್ಲೆಯಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಕಾಡು. ಗುಡ್ಡದ ಜಾಗ ಅಂದರೆ ಮಾಲ್ಕಿಯೋ (ಸ್ವಂತ ಹಕ್ಕಿನದೋ) ಅರಣ್ಯದ ಅತಿಕ್ರಮಣವೋ ಮೊದಲು ನೋಡಬೇಕು. ಭರತರೇಖೆಯಿಂದ, ಅಂದರೆ ಉಬ್ಬರದ ನೀರು ಮುಟ್ಟುವ ಗೆರೆಯಿಂದ, 500 ಮೀಟರ್ ಒಳಗಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವೂ ಬರುತ್ತದೆ.

ಯಜಮಾನರ ಹೃದಯದ ವಿಷಯವೇ ನನಗೆ ದೊಡ್ಡದು. ಗೋಕರ್ಣದಲ್ಲಿ ಪ್ರಾಥಮಿಕ ಚಿಕಿತ್ಸೆ ಸಿಗುತ್ತದೆ, ಕುಮಟಾದಲ್ಲಿ ತಾಲೂಕು ಆಸ್ಪತ್ರೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ. ಆದರೂ ಎದೆಗೆ ದೊಡ್ಡ ತೊಂದರೆ ಬಂದರೆ ಜನ ಈಗಲೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೇ ಓಡುವುದು. ಮೂರು ಗಂಟೆಗೆ ಕಡಿಮೆ ಇಲ್ಲದ ದಾರಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಮಳೆಗಾಲದಲ್ಲಿ ದಾರಿಯೂ ನಂಬುವ ಹಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದಿದ್ದು, ಜೀವಗಳು ಹೋಗಿದ್ದು ನಿಮಗೂ ಗೊತ್ತು. ಆಗ ಹೆದ್ದಾರಿ ದಿನಗಟ್ಟಲೆ ಬಂದ್ ಇತ್ತು. ನಿಮ್ಮ ಹೃದ್ರೋಗ ತಜ್ಞರ ಹತ್ತಿರ ಊರಿನ ಹೆಸರು, ದೂರ ಎಲ್ಲ ಹೇಳಿ ಕೇಳಿ. ಅವರು ಬೇಡ ಅಂದರೆ ಬೇಡ. ನನ್ನ ಮನೆಯವರಾಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯ):

ಸರ್, ನನ್ನದು ಮನೆಯಿಂದಲೇ ಮಾಡುವ ಕೆಲಸ, ವಯಸ್ಸು ಮೂವತ್ತು. ಬಾಡಿಗೆಗೆ ಬಂದು ಇರಬೇಕು ಅಂತ ಮಾಡೇನಿ. ಇಂಟರ್ನೆಟ್ ನಡೀತದೇನ್ರಿ?

ಉತ್ತರ:

ಫೈಬರ್ ಇದೆ, ಆದರೆ ನೀವು ನೋಡಿದ ಮನೆಯವರೆಗೆ ಬಂದಿದೆಯಾ ಅಂತ ಪಕ್ಕದ ಮನೆಯಲ್ಲಿ ವಿಚಾರಿಸಿ. ಒಳ್ಳೆಯ ಬ್ಯಾಟರಿಯ ಇನ್ವರ್ಟರ್ ಬೇಕೇ ಬೇಕು. ಮೇ ಮತ್ತು ಅಕ್ಟೋಬರ್‌ನಲ್ಲಿ ಸಿಡಿಲು ಜಾಸ್ತಿ. ಗುಡುಗು ಕೇಳಿದ ಕೂಡಲೇ ಮೋಡೆಮ್ಮಿನ ಪ್ಲಗ್ ತೆಗೆದುಬಿಡಿ. ಇನ್ನೊಂದು, ಕೆಲವು ಮಾಲೀಕರು ಸೀಸನ್ ಬಂತೆಂದರೆ ಮನೆ ಬಿಡಿಸಿ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಹನ್ನೊಂದು ತಿಂಗಳ ಕರಾರು ಬರೆಸಿಕೊಳ್ಳದೆ ಬರಬೇಡಿ.

ಪ್ರತಿಕ್ರಿಯೆ (ಬಂಕಿಕೊಡ್ಲದ ಸದಸ್ಯೆ):

ಅಕ್ಕ, ನಾನು ಗೋಕರ್ಣದ ಪಕ್ಕದವಳೇ. ಎಂಜಿನಿಯರ್ ಅಣ್ಣ ಮಳೆ ಹೇಳಿದರು, ನಾನು ನೀರು ಹೇಳುತ್ತೇನೆ. ಇಷ್ಟು ಮಳೆ ಬೀಳುವ ಊರಲ್ಲಿ ನೀರಿಗೇನು ಬರ ಅಂದುಕೊಳ್ಳಬೇಡಿ. ಕಡಲಿಗೆ, ಹೊಳೆಗೆ ಹತ್ತಿರದ ಬಾವಿಗಳಲ್ಲಿ ಕೆಲವು ಏಪ್ರಿಲ್ ಕಳೆಯುವಾಗ ಸವಳಾಗುತ್ತವೆ. ಆ ನೀರಲ್ಲಿ ಬೇಳೆ ಬೇಯುವುದಿಲ್ಲ, ಚಾ ಮಾಡಿದರೆ ಒಡೆದ ಹಾಗೆ ಆಗುತ್ತದೆ. ಮನೆ ನೋಡಲು ಮೇ ತಿಂಗಳಲ್ಲೇ ಬನ್ನಿ. ಬಾವಿಯಿಂದ ಒಂದು ಕೊಡ ಸೇದಿ ನೀವೇ ಕುಡಿದು ನೋಡಿ. ಸೆಖೆ ಇರುತ್ತದೆ, ಮೈಯೆಲ್ಲ ಅಂಟು. ಆದರೆ ಕುಮಟಾದ ಸಿಹಿ ಈರುಳ್ಳಿಯ ಜಡೆ, ಅಂಕೋಲೆಯ ಕರಿ ಇಶಾಡು ಮಾವು ಎರಡೂ ಸಿಗುವುದು ಆಗಲೇ. ಬೆಳಿಗ್ಗೆ ಇಲ್ಲಿಯ ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿಯಲ್ಲಿ ತರುವ ತರಕಾರಿ ತಗೊಳ್ಳಿ, ಅವರ ಜೊತೆ ಮಾತಾಡಿ. ಊರು ನಿಮ್ಮದಾಗುವುದು ಹಾಗೆ.

ಉತ್ತರ:

ತಂಗಿ ಸರಿಯಾಗಿ ಹೇಳಿದ್ದಾರೆ, ಮೇ ತಿಂಗಳೇ ಒಳ್ಳೆಯದು.

ಪ್ರಶ್ನೆ (ಬೆಂಗಳೂರಿನ ಸದಸ್ಯೆ):

ಸರ್, ನಿನ್ನೆ ಇಬ್ಬರೂ ಕೂತು ಎರಡು ಸಲ ಓದಿದೆವು. ಯಜಮಾನರು ಸ್ವಲ್ಪ ಸಪ್ಪಗಾದರು. ಆಮೇಲೆ ಅವರೇ "ಒಂದು ಮಳೆಗಾಲ ಇದ್ದೇ ನೋಡೋಣ" ಅಂದರು. ಡಾಕ್ಟರ ಹತ್ತಿರ ಸೋಮವಾರ ಹೋಗುತ್ತೇವೆ. ಅವರು ಒಪ್ಪಿದರೆ ಎಂಥ ಮನೆ ಹುಡುಕಲಿ?

ಉತ್ತರ:

ಗುಡ್ಡದ ಮೇಲೆ ಬೇಡ ಮೇಡಂ. ಬಂಕಿಕೊಡ್ಲ, ಹನೇಹಳ್ಳಿ ಕಡೆ ಕಡಲಿಂದ ಸ್ವಲ್ಪ ಒಳಗೆ, ಇಲ್ಲವೇ ಕುಮಟಾ ಪೇಟೆಯಲ್ಲೇ ನೋಡಿ. ಕುಮಟಾದಲ್ಲಾದರೆ ಔಷಧಿ ಅಂಗಡಿ, ಡಾಕ್ಟರು ಹತ್ತಿರ. ಗೋಕರ್ಣಕ್ಕೆ ಬೇಕೆಂದಾಗ ಬಸ್ಸಿದೆ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಅಗಲವಾದ ಜಗಲಿ ಇರುವ ಹಳೆಯ ಮನೆ ಸಿಕ್ಕಿದರೆ ಬಿಡಬೇಡಿ. ಮಾಡಿನ ಅಂಚು ಗೋಡೆಯಿಂದ ಎರಡು ಮೂರು ಅಡಿ ಮುಂದೆ ಚಾಚಿರಬೇಕು. ಮಳೆಗೆ ಮುಂಚೆ ಪಶ್ಚಿಮಕ್ಕೆ ಮಡಲಿನ ತಟ್ಟಿ ಕಟ್ಟಿಸಿ, ಕಟ್ಟುವವರನ್ನು ನಾನು ಹೇಳುತ್ತೇನೆ.

ಬೆಂಗಳೂರಿನಿಂದ ಪಂಚಗಂಗಾ ರೈಲಿಗೆ ಗೋಕರ್ಣ ರೋಡ್‌ನಲ್ಲಿ ನಿಲುಗಡೆ ಇದೆ, ಕುಮಟಾದಲ್ಲೂ ಇಳಿಯಬಹುದು. ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆ ವೇಳಾಪಟ್ಟಿ, ಬುಕ್ ಮಾಡುವಾಗ ಸಮಯ ನೋಡಿಕೊಳ್ಳಿ. ಯಜಮಾನರ ಮಾತ್ರೆ ಎರಡು ತಿಂಗಳಿಗಾಗುವಷ್ಟು ತನ್ನಿ. ರೇಷ್ಮೆ ಸೀರೆ ಬೆಂಗಳೂರಲ್ಲೇ ಯಾರ ಮನೆಯಲ್ಲಾದರೂ ಇಟ್ಟು ಬನ್ನಿ.