ಯುಎಇ ನೇಮಕಾತಿ ಪತ್ರದ ‘ಗ್ರಾಚ್ಯುಟಿ’: ‘ಉಪದಾನ’ ಎನ್ನಬಹುದೇ?

ಪ್ರಶ್ನೆ: ದುಬೈ, ಶಾರ್ಜಾಗಳಿಗೆ ಕೆಲಸಕ್ಕೆ ಹೋಗುವವರ ನೇಮಕಾತಿ ಪತ್ರವನ್ನು ಕನ್ನಡಕ್ಕೆ ತರಬೇಕಿದೆ. ‘ಎಂಡ್ ಆಫ್ ಸರ್ವಿಸ್ ಗ್ರಾಚ್ಯುಟಿ’ಗೆ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟಿಗೆ, ನಮ್ಮ ಸರ್ಕಾರಿ ಕಡತಗಳ ‘ಉಪದಾನ’ ಹೊಂದುತ್ತದೆಯೇ? ‘ಬೇಸಿಕ್ ವೇಜ್’ಗೆ ಬರೀ ‘ಸಂಬಳ’ ಸಾಕೇ? ಬಲ್ಲವರು ತಿಳಿಸಿ.

ಉತ್ತರ: ಎರಡನೆಯದನ್ನು ಮೊದಲು ನೋಡೋಣ, ದುಡ್ಡಿನ ತಕರಾರು ಹುಟ್ಟುವುದೇ ಅಲ್ಲಿ. ‘ಸಂಬಳ’ ಸಾಲದು. ‘ಮೂಲ ವೇತನ’ ಎಂದು ಬರೆದು ಪಕ್ಕದಲ್ಲೇ ಮೊತ್ತ ಹಾಕಿ. ಯುಎಇಯ 2021ರ 33ನೇ ಕಾರ್ಮಿಕ ಕಾನೂನಿನಂತೆ, ಒಂದು ವರ್ಷ ತುಂಬಿಸಿದವರಿಗೆ ಮೊದಲ ಐದು ವರ್ಷಗಳಿಗೆ ತಲಾ 21 ದಿನದ, ಆಮೇಲಿನ ವರ್ಷಗಳಿಗೆ ತಲಾ 30 ದಿನದ ಮೂಲ ವೇತನ ಗ್ರಾಚ್ಯುಟಿಯಾಗಿ ಸಲ್ಲಬೇಕು. ಒಟ್ಟು ಎರಡು ವರ್ಷದ ವೇತನವನ್ನು ಮೀರುವಂತಿಲ್ಲ. ಮನೆ ಬಾಡಿಗೆ, ಓಡಾಟದ ಭತ್ಯೆ ಈ ಲೆಕ್ಕಕ್ಕೆ ಬಾರವು. ತಿಂಗಳಿಗೆ 5,000 ದಿರ್ಹಂ, ಅದರಲ್ಲಿ ಮೂಲ ವೇತನ 3,000 ಅನ್ನಿ. ಏಳು ವರ್ಷ ದುಡಿದವರಿಗೆ ದಿನಕ್ಕೆ 100ರಂತೆ 10,500 ಮತ್ತು 6,000, ಒಟ್ಟು 16,500 ದಿರ್ಹಂ. ಪತ್ರದಲ್ಲಿ ‘ಸಂಬಳ’ ಎಂದು ಓದಿದವರು 27,500 ಬರುತ್ತದೆಂದು ನಂಬಿ ಕೂತಿರುತ್ತಾರೆ.

‘ದಿನ’ವೂ ಎರಡು ಕಡೆ ಒಂದೇ ಅಲ್ಲ. ನಮ್ಮ ದೇಶದ ಗ್ರಾಚ್ಯುಟಿ ಕಾನೂನಿನ ಸೂತ್ರದಲ್ಲಿ ತಿಂಗಳಿಗೆ 26 ದಿನ. ಹಾಗಾಗಿ 26,000 ರೂಪಾಯಿಯವರಿಗೆ ‘15 ದಿನದ ವೇತನ’ ಎಂದರೆ 13,000 ಅಲ್ಲ, 15,000. ಯುಎಇಯಲ್ಲಿ ಸಾಮಾನ್ಯವಾಗಿ ತಿಂಗಳ ವೇತನವನ್ನು 30ರಿಂದ ಭಾಗಿಸುತ್ತಾರೆ. ಪತ್ರದಲ್ಲಿ ಇದನ್ನೂ ಕಾಣಿಸಿ.

ಇನ್ನು ‘ಉಪದಾನ’. ‘ಮರಣ ಮತ್ತು ನಿವೃತ್ತಿ ಉಪದಾನ’ ಸರ್ಕಾರಿ ನೌಕರರಿಗೆ ಪರಿಚಿತ. ಗಾರೆ ಕೆಲಸದವರ, ಡ್ರೈವರುಗಳ ಕಿವಿಗೆ ಅದರಲ್ಲಿ ‘ದಾನ’ವೇ ಕೇಳಿಸೀತು. ಗ್ರಾಚ್ಯುಟಿಗೆ ಅರಬ್ಬಿಯಲ್ಲಿ ಬಳಸುವ ‘ಮುಕಾಫಾ’ಕ್ಕೂ ಬಹುಮಾನವೆಂಬ ಅರ್ಥವಿದೆ, ಆದರೆ ಯುಎಇ ಕಾನೂನು ಅದನ್ನು ಧಣಿಯ ಇಷ್ಟಕ್ಕೆ ಬಿಟ್ಟಿಲ್ಲ: ಒಪ್ಪಂದ ಮುಗಿದ 14 ದಿನದೊಳಗೆ ಕೊಡಲೇಬೇಕು. ಆದ್ದರಿಂದ ಎಲ್ಲರ ಬಾಯಲ್ಲಿರುವ ‘ಗ್ರಾಚ್ಯುಟಿ’ಯನ್ನೇ ಉಳಿಸಿ.

ಹಳೆಯ ಅನುವಾದದಿಂದ ನಕಲು ಮಾಡುವುದಾದರೆ ಎಚ್ಚರ. ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿಯ ಮೂರನೇ ಒಂದು ಭಾಗವಷ್ಟೇ ಎಂಬ ಸಾಲು ಯುಎಇಯ ಹಳೆಯ 1980ರ ಕಾನೂನಿನದು; 2022ರ ಫೆಬ್ರವರಿ 2ರಿಂದ ಆ ಕಡಿತ ಇಲ್ಲ.

ವಾಕ್ಯ ಹೀಗಿರಲಿ: “ಕೆಲಸ ಬಿಡುವಾಗ ನಿಮಗೆ ಸಲ್ಲಬೇಕಾದ ಗ್ರಾಚ್ಯುಟಿಯನ್ನು ಕೊನೆಯ ಮೂಲ ವೇತನದ ಮೇಲೆ ಲೆಕ್ಕ ಹಾಕಲಾಗುತ್ತದೆ; ಭತ್ಯೆಗಳು ಸೇರುವುದಿಲ್ಲ. ಸಂಬಳವಿಲ್ಲದೆ ಗೈರಾದ ದಿನಗಳನ್ನು ಸೇವಾವಧಿಯಲ್ಲಿ ಎಣಿಸುವುದಿಲ್ಲ.”