ಪಾಮ್ (ಪಾಮೆರೇನಿಯನ್) ಥರದ ಚಿಕ್ಕ ನಾಯಿ ಬೇಕು, ಯಾವುದು ತರಲಿ? ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ, ಎರಡನೇ ಮಹಡಿ ಮನೆ. 13 ವರ್ಷ ಸಾಕಿದ ಪಾಮೆರೇನಿಯನ್ ಹೋದ ದೀಪಾವಳಿಗೆ ಹೋಯಿತು. ಬೇಸಿಗೆಯಲ್ಲಿ ಅದು ಬಚ್ಚಲುಮನೆ ಕಲ್ಲಿನ ಮೇಲೆ ಹೊಟ್ಟೆ ಹಾಸಿ ಮಲಗುತ್ತಿತ್ತು, ಅಮ್ಮ ಇವತ್ತಿಗೂ ಅಲ್ಲಿ ಕಾಲಿಡುವಾಗ ಬಗ್ಗಿ ನೋಡುತ್ತಾರೆ. ಅವರಿಗೆ ಅದೇ ಥರದ್ದು ಬೇಕಂತೆ, ಆದರೆ ಅಷ್ಟು ಬೊಗಳಬಾರದು, ನಮ್ಮ ಬಿಸಿಲು ತಡೀಬೇಕು.

ಒಬ್ಬರ ಹತ್ತಿರ 'ಟಾಯ್ ಪಾಮ್' ಅಂತ ನೋಡಿಬಂದೆ. ಮೂರೇ ತಿಂಗಳಿಗೆ ಮೂರು ಕೆಜಿ, ಮೂತಿ ಉದ್ದ! ನಿಜವಾದ ಪಾಮ್ ಬೆಳೆದ ಮೇಲೂ 2ರಿಂದ 3 ಕೆಜಿ ಅಷ್ಟೇ ಅಲ್ವಾ. ಫೋಟೋ ನೋಡಿದ ಡಾಕ್ಟರು ಇದು ಪಾಮ್ ಥರವೇ ಕಾಣುವ ಇಂಡಿಯನ್ ಸ್ಪಿಟ್ಜ್ ಇರಬೇಕು ಅಂದರು. ಸುಳ್ಳು ಹೇಳಿ ಮಾರುತ್ತಾರೆ ಅಂತ ಸಿಟ್ಟು ಬಂತು, ಆದರೆ ಸ್ಪಿಟ್ಜ್ ನಮ್ಮ ಸೆಕೆಗೆ ಒಗ್ಗಿರುವ ನಾಯಿ, ಅದೂ ಒಂದು ಪಾಯಿಂಟೇ.

ಶಿಟ್ಜು, ಪಗ್ ಎರಡೂ ಬಿಟ್ಟೆ. ಚಪ್ಪಟೆ ಮೂಗು, ಬಿಸಿಲಲ್ಲಿ ಉಸಿರಾಡೋಕೆ ಒದ್ದಾಡುತ್ತವೆ. ಚಿವಾವಾ ಚಿಕ್ಕದೇ, ಆದರೆ ಅಮ್ಮನ ಮೊಮ್ಮಗ ಮೂರು ವರ್ಷದವನು, ಎತ್ತಿ ಬೀಳಿಸಿದರೆ ಕಾಲು ಮುರಿಯುತ್ತೆ ಅಂತ ಭಯ. ಪ್ಯಾಪಿಲಾನ್ ಬಗ್ಗೆ ಓದಿದೆ, ಚಿಟ್ಟೆ ರೆಕ್ಕೆಯಂಥ ಕಿವಿ, ಕೂದಲು ಉದ್ದ ಇದ್ದರೂ ಪಾಮ್‌ಗೆ ಇರುವಂಥ ದಪ್ಪ ಒಳಪದರ ಇಲ್ಲವಂತೆ. ಸಾಕಿದವರು ಮಾತ್ರ ಒಬ್ಬರೂ ಸಿಕ್ಕಿಲ್ಲ.

ಈಗ ಉಳಿದದ್ದು ಎರಡೇ: ಸ್ಪಿಟ್ಜ್ ಅಥವಾ ಪ್ಯಾಪಿಲಾನ್. 68 ವರ್ಷದ ಅಮ್ಮ ಒಬ್ಬರೇ ಹಗಲು ನೋಡಿಕೊಳ್ಳಬೇಕು. ಬೊಗಳೋದು ಯಾವುದು ಕಡಿಮೆ, ಬಳ್ಳಾರಿ, ರಾಯಚೂರು ಕಡೆ ಬಿಸಿಲಲ್ಲಿ ಸಾಕಿದವರು ಯಾವುದು ತರಲಿ ಹೇಳ್ತೀರಾ?