ಫೈರ್ ಸ್ಪ್ರಿಂಕ್ಲರ್ ಪ್ಲಾನ್ ಸಿಟಿಯಿಂದ ಮತ್ತೆ ವಾಪಸ್. ಪಂಪು, ಟ್ಯಾಂಕು ನಿಜವಾಗಿ ಬೇಕಾ? (ಕ್ಯಾಲಿಫೋರ್ನಿಯಾ)

ಹಾಸನದವ:

ಎಲ್ಲರಿಗೂ ನಮಸ್ಕಾರ. ಬೇ ಏರಿಯಾದಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೇವೆ. ಎರಡು ಅಂತಸ್ತು, 2,600 ಚದರ ಅಡಿ, ಮನೆಗೆ ಅಂಟಿಕೊಂಡೇ ಗ್ಯಾರೇಜ್. ಬಿಲ್ಡಿಂಗ್ ಪರ್ಮಿಟ್ ಸಲೀಸಾಗಿ ಸಿಕ್ಕಿತು. ಅದರಲ್ಲಿ "ಫೈರ್ ಸ್ಪ್ರಿಂಕ್ಲರ್: ಡೆಫರ್ಡ್ ಸಬ್‌ಮಿಟಲ್" ಅಂತ ಒಂದು ಸಾಲು ಇತ್ತು. ಬೆಂಕಿ ಬಿದ್ದರೆ ಚಾವಣಿಯಿಂದ ನೀರು ಚಿಮ್ಮಿಸುವ ಪೈಪಿನ ಪ್ಲಾನ್ ಅದು, ಆಮೇಲೆ ಕೊಟ್ಟರಾಯಿತು ಅಂದರು, ನಾವೂ ಹೂಂ ಅಂದೆವು. ಈಗ ಫ್ರೇಮಿಂಗ್ (ಮನೆಯ ಚೌಕಟ್ಟು) ಮುಗಿದು ನಿಂತಿದೆ. ಸ್ಪ್ರಿಂಕ್ಲರ್ ಪರ್ಮಿಟ್ ಬರುವ ತನಕ ಫ್ರೇಮಿಂಗ್ ಇನ್‌ಸ್ಪೆಕ್ಷನ್‌ಗೆ ಬರುವುದಿಲ್ಲವಂತೆ. ಪ್ಲಾನ್ ನೋಡಿದರೆ ಮತ್ತೆ ವಾಪಸ್.

ಕರೆಕ್ಷನ್ ಶೀಟ್‌ನಲ್ಲಿ ಇರುವುದು ಇಷ್ಟು:
1. ನೀರಿನ ಒತ್ತಡ 70 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಅಂತ ಹಿಡಿದಿದ್ದೀರಿ, ವಾಟರ್ ಕಂಪನಿಯ ಪತ್ರ ಎಲ್ಲಿ?
2. ಲೆಕ್ಕದಲ್ಲಿ ಮೀಟರ್ 1 ಇಂಚು, ಸೈಟಿನಲ್ಲಿ ಇರುವುದು ಮುಕ್ಕಾಲು ಇಂಚು.
3. ಗ್ಯಾರೇಜಿನಲ್ಲಿ ಹೆಡ್ (ನೀರು ಚಿಮ್ಮುವ ಬಾಯಿ) ತೋರಿಸಿಲ್ಲ.

ಪತ್ರ ತರಿಸಿದೆವು, 55 ಪಿಎಸ್‌ಐ ಅಂತ ಬಂತು. ಅದನ್ನು ನೋಡಿದ ತಕ್ಷಣ ನಮ್ಮ ಸ್ಪ್ರಿಂಕ್ಲರ್ ಕಂಟ್ರಾಕ್ಟರ್ "ಒತ್ತಡ ಸಾಲದು, 400 ಗ್ಯಾಲನ್ ಟ್ಯಾಂಕು, ಪಂಪು ಹಾಕಲೇಬೇಕು" ಅನ್ನುತ್ತಿದ್ದಾರೆ. ಟ್ಯಾಂಕ್ ಇಡಲು ಜಾಗವೇ ಇಲ್ಲ. ಬೇರೆ ದಾರಿ ಇದೆಯಾ? ಇನ್ನೊಂದು, ಟೆಕ್ಸಾಸ್‌ನಲ್ಲಿರುವ ನನ್ನ ಭಾವನ ಹೊಸ ಮನೆಗೆ ಸ್ಪ್ರಿಂಕ್ಲರ್ರೇ ಇಲ್ಲ. ಇಲ್ಲಿ ಗ್ಯಾರೇಜಿಗೂ ಯಾಕೆ?

ಸೈಟ್_ಸುಬ್ಬಣ್ಣ:

ಭಾವನ ಮಾತು ಬಿಡಿ ಸರ್, ಅಲ್ಲಿಯ ಕಾನೂನೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2011ರ ಜನವರಿ 1ರಿಂದ ಹೊಸ ಮನೆಗಳಿಗೆಲ್ಲ ಕಡ್ಡಾಯ. ಮನೆಗಳ ಸ್ಪ್ರಿಂಕ್ಲರ್‌ಗೆ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 13ಡಿ ಅಂತ ಒಂದು ನಿಯಮಾವಳಿ ಇದೆ. ಮೂಲ ಪುಸ್ತಕದಲ್ಲಿ ಗ್ಯಾರೇಜಿಗೆ ವಿನಾಯಿತಿ ಇದೆ. ಈ ರಾಜ್ಯ ಅದನ್ನು ತಿದ್ದಿ, ಮನೆಗೆ ಅಂಟಿದ ಗ್ಯಾರೇಜಿಗೂ ಬೇಕು ಅಂದಿದೆ. ಅದರಲ್ಲಿ ವಾದ ಮಾಡಬೇಡಿ, ಸುಮ್ನೆ ಹೆಡ್ ಹಾಕಿಸಿ.

ಪಂಪಿನ ವಿಷಯ ನನಗೂ ಅನುಮಾನ. 55 ಪಿಎಸ್‌ಐ ಏನೂ ಕೆಟ್ಟ ಒತ್ತಡ ಅಲ್ಲ. ಲೆಕ್ಕದ ಹಾಳೆ ಹಾಕಿ, ಇಲ್ಲಿ ಒಬ್ಬರು ಲೆಕ್ಕದವರು ಇದ್ದಾರೆ. ಅಂದ ಹಾಗೆ, ನಿಮ್ಮ ಕಂಟ್ರಾಕ್ಟರ್ ಹತ್ತಿರ ಸಿ-16, ಅಂದರೆ ಫೈರ್ ಸ್ಪ್ರಿಂಕ್ಲರ್ ಕೆಲಸದ ಲೈಸೆನ್ಸ್ ಇದೆ ತಾನೇ? ಬರೀ ಪ್ಲಂಬಿಂಗ್ ಲೈಸೆನ್ಸ್ ಇಟ್ಟುಕೊಂಡು ಈ ಕೆಲಸಕ್ಕೆ ಬರುವವರೂ ಇದ್ದಾರೆ.

ಹಾಸನದವ:

ಸಿ-16 ಇದೆ, ನೋಡಿಯೇ ಕೊಟ್ಟಿದ್ದು. ಹಾಳೆಯಲ್ಲಿ ನನಗೆ ಅರ್ಥವಾದಷ್ಟು: ಹೆಡ್ ಕೆ-ಫ್ಯಾಕ್ಟರ್ (ಒತ್ತಡಕ್ಕೆ ಎಷ್ಟು ನೀರು ಬಿಡುತ್ತದೆ ಅನ್ನುವ ಅಂಕಿ) 4.9, ಒಂದು ಹೆಡ್‌ನ ಕವರೇಜ್ 20×20 ಅಡಿ. ಎರಡು ಹೆಡ್ ಒಟ್ಟಿಗೆ ತೆರೆದರೆ 40 ಜಿಪಿಎಂ (ನಿಮಿಷಕ್ಕೆ ಗ್ಯಾಲನ್). ಮೇಲಿನ ಅಂತಸ್ತಿನ ಹೆಡ್ ಮೀಟರಿನಿಂದ 19 ಅಡಿ ಎತ್ತರ. ಪೈಪು ಮತ್ತು ಮೀಟರಿನಲ್ಲಿ ಕಳೆದುಹೋಗುವುದು 34 ಪಿಎಸ್‌ಐ. ಒಟ್ಟು ಬೇಕಾದದ್ದು 59.

ಪೈಪ್‌ಲೆಕ್ಕ:

ಮೈಸೂರಿನಲ್ಲಿ ಕೂತು ಅಮೆರಿಕದ ಕಂಟ್ರಾಕ್ಟರ್‌ಗಳಿಗೆ ಸ್ಪ್ರಿಂಕ್ಲರ್ ಡ್ರಾಯಿಂಗ್ ಮಾಡಿಕೊಡುವುದೇ ನನ್ನ ಕೆಲಸ. ಹಾಗಾಗಿ ಇಂಥ ಕರೆಕ್ಷನ್ ಶೀಟು ದಿನಾ ಕಣ್ಣಿಗೆ ಬೀಳುತ್ತದೆ. ನಿಮ್ಮ ಮನೆಗೆ ಪಂಪು ಬೇಡ. ತೊಂದರೆ ಇರುವುದು 20×20ರಲ್ಲಿ.

ಹೆಡ್ ಕಡಿಮೆ ಆದಷ್ಟೂ ಖರ್ಚು ಕಡಿಮೆ ಅಂತ ದೂರ ದೂರ ಇಟ್ಟಿದ್ದಾರೆ. ಆದರೆ ಒಂದು ಹೆಡ್ ಎಷ್ಟು ಜಾಗ ನೋಡಿಕೊಳ್ಳುತ್ತದೋ ಅಷ್ಟು ಜಾಸ್ತಿ ನೀರು ಅದರಿಂದ ಬರಬೇಕು. ಚದರ ಅಡಿಗೆ 0.05 ಜಿಪಿಎಂ ಲೆಕ್ಕ. 20×20 ಅಂದರೆ 400 ಚದರ ಅಡಿ, ಒಂದು ಹೆಡ್‌ಗೆ 20 ಜಿಪಿಎಂ. 16×16 ಅಂದರೆ 256 ಚದರ ಅಡಿ, 13 ಜಿಪಿಎಂ ಸಾಕು.

ಈಗ ಒತ್ತಡ ನೋಡಿ. ನೀರಿನ ಪ್ರಮಾಣವನ್ನು ಕೆ-ಫ್ಯಾಕ್ಟರ್‌ನಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 20 ಭಾಗಿಸು 4.9, ವರ್ಗ ಮಾಡಿದರೆ 16.7 ಪಿಎಸ್‌ಐ. 13ಕ್ಕೆ ಬರೀ 7. ಹೆಡ್ ಬಾಯಲ್ಲೇ ಸುಮಾರು 10 ಪಿಎಸ್‌ಐ ಉಳಿಯಿತು.

ನಿಜವಾದ ಲಾಭ ಪೈಪಿನೊಳಗೆ ಇದೆ. ಹರಿವು ಜಾಸ್ತಿ ಆದರೆ ಪೈಪಿನ ತಿಕ್ಕಾಟದ ನಷ್ಟ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಅದರ 1.85ನೇ ಘಾತದಲ್ಲಿ ಏರುತ್ತದೆ. ಎರಡು ಹೆಡ್ ಸೇರಿ 40ರಿಂದ 26 ಜಿಪಿಎಂಗೆ ಇಳಿದರೆ ನಷ್ಟ ಶೇ. 45ಕ್ಕೆ ಇಳಿಯುತ್ತದೆ. ನಿಮ್ಮ 34ರಲ್ಲಿ 1 ಇಂಚಿನ ಮೀಟರಿಗೆ 6 ಹಿಡಿದಿರುತ್ತಾರೆ, ಉಳಿದ 28 ಪೈಪಿನದು. ಅದು ಸುಮಾರು 13 ಆಗುತ್ತದೆ. ಈಗ ಇರುವ ಮುಕ್ಕಾಲು ಇಂಚಿನ ಮೀಟರಿಗೇ 26 ಜಿಪಿಎಂನಲ್ಲಿ 9 ಹಿಡಿಯೋಣ. ಎತ್ತರಕ್ಕೆ ಅಡಿಗೆ 0.433, ಅಂದರೆ 19 ಅಡಿಗೆ 8.2.

7 + 13 + 9 + 8.2 ಕೂಡಿಸಿ. 37 ಆಯಿತು. ನಿಮ್ಮ ಹತ್ತಿರ ಇರುವುದು 55.

ಇನ್ನೊಂದು ಮಾತು. ಮುಕ್ಕಾಲು ಇಂಚಿನ ಮೀಟರಿನ ಮಿತಿಯೇ 30 ಜಿಪಿಎಂ. ಅದರಲ್ಲಿ 40 ಎಳೆಯುತ್ತೇವೆ ಅಂತ ಬರೆದರೆ ಪ್ಲಾನ್ ಪರಿಶೀಲಿಸುವ ಸಿಟಿಯ ಪ್ಲಾನ್ ಚೆಕರ್ ಒಪ್ಪುವುದಿಲ್ಲ, ಒಪ್ಪಲೂಬಾರದು. ಎರಡನೇ ಕರೆಕ್ಷನ್ ಅದಕ್ಕೇ ಬಂದಿದೆ. ಸಿಟಿಯವರನ್ನು ಬೈಯುವುದು ಸುಲಭ, ಆದರೆ ಈ ಶೀಟ್ ಬರೆದವರು ಸರಿಯಾಗಿ ಓದಿಯೇ ಬರೆದಿದ್ದಾರೆ.

ಹಾಸನದವ:

ಅಬ್ಬಾ, ಈಗ ಅರ್ಥವಾಯಿತು. ಹಾಗಾದರೆ ಹೆಡ್ ಎಷ್ಟು ಜಾಸ್ತಿ ಬೀಳಬಹುದು? ಕಂಟ್ರಾಕ್ಟರ್ ಹತ್ತಿರ ಹೇಗೆ ಮಾತಾಡಲಿ? ನಾನು ಸಾಫ್ಟ್‌ವೇರ್‌ನವನು, ನೀನು ಯಾರಪ್ಪ ಹೇಳೋಕೆ ಅಂದುಬಿಟ್ಟರೆ ಕಷ್ಟ.

ಪೈಪ್‌ಲೆಕ್ಕ:

ಕೆಲವೇ ಹೆಡ್ ಸರ್. ಮಲಗುವ ಕೋಣೆಗಳು ಹೇಗೂ 16 ಅಡಿಯ ಒಳಗೇ ಇರುತ್ತವೆ, ಅಲ್ಲಿ ಒಂದೊಂದೇ. ಜಾಸ್ತಿ ಬೀಳುವುದು ಹಾಲ್, ಅಡುಗೆಮನೆ ಕಡೆ ಮಾತ್ರ. 55 ಚದರ ಅಡಿಗಿಂತ ಚಿಕ್ಕ ಬಾತ್‌ರೂಮಿಗೆ ಬೇಡ. ಒಂದೇ ಎಚ್ಚರ: ಹಾಲಿನ ಚಾವಣಿ ಇಳಿಜಾರಾಗಿದ್ದರೆ ಆ ಹೆಡ್ ಎಷ್ಟು ಇಳಿಜಾರಿಗೆ ಲಿಸ್ಟ್ ಆಗಿದೆ (ಪರೀಕ್ಷೆಯಾಗಿ ಒಪ್ಪಿಗೆ ಪಡೆದಿದೆ) ಅಂತ ತಯಾರಕರ ಡೇಟಾಶೀಟ್‌ನಲ್ಲಿ ನೋಡಿ. ಇಳಿಜಾರಿಗೆ ಬೇರೆಯೇ ಜಿಪಿಎಂ ಇರಬಹುದು, ಆಗ ಮೇಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಕಂಟ್ರಾಕ್ಟರ್‌ಗೆ ಪಾಠ ಹೇಳಲು ಹೋಗಬೇಡಿ. "16×16 ಸ್ಪೇಸಿಂಗ್‌ನಲ್ಲಿ, 55 ಪಿಎಸ್‌ಐ, ಮುಕ್ಕಾಲು ಇಂಚಿನ ಮೀಟರ್ ಇಟ್ಟು ಒಂದು ಸಲ ಕ್ಯಾಲ್ಕ್ ಓಡಿಸಿ ತೋರಿಸಿ" ಅಂತ ಮೇಲ್ ಹಾಕಿ. ಸಾಫ್ಟ್‌ವೇರ್‌ನಲ್ಲಿ ಅದು ಹೊತ್ತು ಹಿಡಿಯುವ ಕೆಲಸ ಅಲ್ಲ. ಮನೆಗೆ ವಾಟರ್ ಸಾಫ್ಟ್‌ನರ್ ಅಥವಾ ಪ್ರೆಶರ್ ರೆಗ್ಯುಲೇಟರ್ ಹಾಕಿಸುವ ಯೋಚನೆ ಇದ್ದರೆ ಅದನ್ನೂ ಈಗಲೇ ಹೇಳಿ. ಸ್ಪ್ರಿಂಕ್ಲರ್ ಲೈನಿನ ದಾರಿಯಲ್ಲಿ ಅವು ಬಂದರೆ ಲೆಕ್ಕದಲ್ಲೂ ಬರಬೇಕು.

ಮಲ್ಲಿಗೆ_ಬಳ್ಳಿ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮದು 1970ರ ದಶಕದ ಮನೆ, ಸ್ಪ್ರಿಂಕ್ಲರ್ ಇಲ್ಲ. ಅಪ್ಪ ಅಮ್ಮ ಬಂದಾಗ ಇರಲಿ ಅಂತ ಹಿತ್ತಲಲ್ಲಿ ಎಡಿಯು (ಅದೇ ಸೈಟಿನಲ್ಲಿ ಇನ್ನೊಂದು ಚಿಕ್ಕ ಮನೆ) ಕಟ್ಟಿಸಬೇಕು. ಅದಕ್ಕೂ ಹಾಕಬೇಕು, ಜೊತೆಗೆ ಹಳೇ ಮನೆಗೂ ಹಾಕಬೇಕು ಅಂತ ಒಬ್ಬ ಡಿಸೈನರ್ ಹೆದರಿಸಿದ್ದಾರೆ. ಹೌದಾ?

ಸೈಟ್_ಸುಬ್ಬಣ್ಣ:

ಇಲ್ಲ ಅಕ್ಕ. ಎರಡೂ ಬೇಡ. ದೊಡ್ಡ ಮನೆಗೆ ಕಡ್ಡಾಯ ಇಲ್ಲದಿದ್ದರೆ ಎಡಿಯುಗೆ ಸ್ಪ್ರಿಂಕ್ಲರ್ ಕೇಳುವಂತಿಲ್ಲ ಅಂತ ರಾಜ್ಯದ ಕಾನೂನೇ ಹೇಳುತ್ತದೆ. ಎಡಿಯು ಕಟ್ಟಿದಿರಿ ಅನ್ನುವ ನೆಪದಲ್ಲಿ ಹಳೇ ಮನೆಗೆ ಹಾಕಿ ಅನ್ನುವಂತೆಯೂ ಇಲ್ಲ. ದೊಡ್ಡ ಮನೆಗೆ ಕಡ್ಡಾಯ ಇದ್ದರೆ ಮಾತ್ರ ಕತೆ ಬೇರೆ. ಸಿಟಿ ಕೌಂಟರಿನಲ್ಲಿ ಇದನ್ನೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ಉಳಿದದ್ದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಇದು ಪೈಪಿನವರ ಜಗಲಿ.

ಹಾಸನದವ:

ಅಪ್‌ಡೇಟ್: ಕಂಟ್ರಾಕ್ಟರ್ ಸ್ವಲ್ಪ ಗೊಣಗಿದರು, ಆದರೆ ಮತ್ತೆ ಕ್ಯಾಲ್ಕ್ ಮಾಡಿದರು. 38 ಪಿಎಸ್‌ಐ ಬಂತು. ಟ್ಯಾಂಕ್ ಮಾತು ನಿಂತಿದೆ. ಗ್ಯಾರೇಜಿನ ಹೆಡ್ ಸೇರಿಸಿ, ವಾಟರ್ ಕಂಪನಿಯ ಪತ್ರ ಲಗತ್ತಿಸಿ ಕೊಟ್ಟೆವು. ಪರ್ಮಿಟ್ ಸಿಕ್ಕಿತು! ಪೈಪ್‌ಲೆಕ್ಕ ಅವರೇ, ಮೈಸೂರಿಗೆ ಬಂದಾಗ ಮಸಾಲೆ ದೋಸೆ ನನ್ನ ಲೆಕ್ಕ. ಇನ್ನು ಇನ್‌ಸ್ಪೆಕ್ಷನ್‌ಗೆ ಏನು ನೋಡಿಕೊಳ್ಳಲಿ?

ಸೈಟ್_ಸುಬ್ಬಣ್ಣ:

ಇನ್ಸುಲೇಶನ್, ಡ್ರೈವಾಲ್ ಯಾವುದನ್ನೂ ಮುಟ್ಟಬೇಡಿ. ಮೊದಲು ಪೈಪು ಪೂರ್ತಿ ಕಾಣುವಂತೆ ಇರಬೇಕು, ಪ್ರೆಶರ್ ಟೆಸ್ಟ್ ಆಗಬೇಕು. ಬಹಳ ಸಿಟಿಗಳು 200 ಪಿಎಸ್‌ಐನಲ್ಲಿ 2 ಗಂಟೆ ನಿಲ್ಲಿಸಿ ಅನ್ನುತ್ತವೆ, ನಿಮ್ಮ ಊರಿನದು ಪರ್ಮಿಟ್ ಹಾಳೆಯಲ್ಲೇ ಇರುತ್ತದೆ. ಕಿತ್ತಳೆ ಬಣ್ಣದ ಸಿಪಿವಿಸಿ (ಪ್ಲಾಸ್ಟಿಕ್) ಪೈಪ್ ತಾನೇ? ಅಂಟು ಪೂರ್ತಿ ಒಣಗದೆ ಟೆಸ್ಟ್‌ಗೆ ಒತ್ತಡ ಏರಿಸಲು ಬಿಡಬೇಡಿ.

ಎಲೆಕ್ಟ್ರಿಷಿಯನ್ ಮೇಲೆ ಒಂದು ಕಣ್ಣಿರಲಿ. ಕೈಗೆ ಸಿಕ್ಕಿತು ಅಂತ ಆ ಪೈಪಿಗೇ ವೈರ್ ಕಟ್ಟಿ ಹೋಗುತ್ತಾರೆ. ಇನ್‌ಸ್ಪೆಕ್ಟರ್ ಕಂಡರೆ ಅಲ್ಲೇ ಫೇಲ್. ವೈರಿನ ಪ್ಲಾಸ್ಟಿಕ್ಕು, ಕೆಲವು ಸ್ಪ್ರೇ ಫೋಮು ಸಿಪಿವಿಸಿಯನ್ನು ಹಾಳು ಮಾಡುತ್ತವೆ, ಸುಮ್ನೆ ಹೇಳುವುದಲ್ಲ. ಪೇಂಟಿನವರಿಗೂ ಹೇಳಿಡಿ, ಹೆಡ್ ಮೇಲೆ ಒಂದು ಹನಿ ಬಣ್ಣ ಬಿದ್ದರೂ ಅದನ್ನು ಬದಲಿಸಬೇಕು, ಒರೆಸಿದರೆ ಆಗುವುದಿಲ್ಲ.

ಹಾಂ, ಸಿಟಿಯ ಸ್ಟ್ಯಾಂಪ್ ಇರುವ ಪ್ಲಾನ್ ಸೈಟಿನಲ್ಲೇ ಇರಲಿ. ಆಫೀಸಿನಲ್ಲಿದೆ, ಫೋನಿನಲ್ಲಿ ತೋರಿಸುತ್ತೇನೆ ಅಂದರೆ ಇನ್‌ಸ್ಪೆಕ್ಟರ್ ಗೇಟಿನಿಂದಲೇ ತಿರುಗಿ ಹೋಗುತ್ತಾರೆ.